ತಲೆ ಕತ್ತರಿಸಿದ ಮೇಲೆ

ಬದಿಯಡ್ಕ, 13 ಜುಲೈ 2024, ಶನಿವಾರ

ಬೆಳಿಗ್ಗೆ ಮಳೆ ಹೊಳವಾಯಿತು. ಹೊಳವಾದರೆ ಈ ಊರಿನಲ್ಲಿ ಎಲ್ಲರಿಗೂ ಒಂದೇ ಕೆಲಸ, ಅಡಿಕೆಗೆ ಮದ್ದು ಬಿಡುವುದು. ಹಾಗಾಗಿ ಲೇತ್ ಅಂಗಡಿಯಲ್ಲಿ ನನಗಿಂತ ಮೊದಲು ಆರು ಪಂಪುಗಳು ಸಾಲು ಹಿಡಿದಿದ್ದವು, ಎಲ್ಲದಕ್ಕೂ ಮೈಲುತುತ್ತಿನ ನೀಲಿ ಅಂಟಿಕೊಂಡಿತ್ತು. ನನ್ನ ಚೀಲದಲ್ಲಿ ಇದ್ದದ್ದು ಬೆಂಕಿಪೆಟ್ಟಿಗೆ ಗಾತ್ರದ ನಾಲ್ಕು ಹಿತ್ತಾಳೆ ತುಂಡುಗಳು.

ಹೋದ ವಾರ ಹಳೆಯ ಬೇಸ್ ಗಿಟಾರಿನ ತಲೆ ಗರಗಸಕ್ಕೆ ಕೊಟ್ಟೆ. ತುದಿಯಲ್ಲಿ ತಂತಿ ಬಿಗಿಯುವ ನಾಲ್ಕು ದಪ್ಪ ಬಿರಡೆಗಳ ಭಾರ, ಕೈ ಬಿಟ್ಟರೆ ಕತ್ತು ನೆಲಕ್ಕೆ ಬಾಗುತ್ತಿತ್ತು. ನ್ಯೂಯಾರ್ಕಿನಲ್ಲಿ ಪೀಠೋಪಕರಣ ವಿನ್ಯಾಸ ಮಾಡುತ್ತಿದ್ದ ನೆಡ್ ಸ್ಟೈನ್‌ಬರ್ಗರ್ 1980ರ ಸುಮಾರಿಗೆ ತಲೆಯನ್ನೇ ತೆಗೆದುಹಾಕಿ, ಬಿರಡೆಯ ಕೆಲಸವನ್ನು ಕೆಳತುದಿಗೆ, ತಂತಿಗಳನ್ನು ಹೊರುವ ಕುದುರೆಯ ಹಿಂದಕ್ಕೆ, ಸಾಗಿಸಿದ. ಅವನದು ಕಾರ್ಬನ್ ನಾರಿನ ಬೇಸ್, ನನ್ನದು ಹಿತ್ತಿಲಲ್ಲಿ ಬಿದ್ದ ಹಲಸಿನ ಮರದ್ದು. ವೀಣೆಗೂ ಚೆಂಡೆಗೂ ಆಗುವ ಮರ ಇದಕ್ಕೆ ಆಗದೇ? ತಲೆಯನ್ನು ಪೂರ್ತಿ ಬುಡಕ್ಕೇ ಕತ್ತರಿಸಲಿಲ್ಲ. ಕತ್ತಿನ ಒಳಗಿನ ಉಕ್ಕಿನ ಸರಳನ್ನು ಬಿಗಿಮಾಡುವ ತಿರುಪು ಆ ತುದಿಯಲ್ಲೇ ಇದೆ, ಎರಡು ಇಂಚು ಉಳಿಸಿದೆ.

ತೊಂದರೆ ಬಂದದ್ದು ಹಿಂಭಾಗದಲ್ಲಿ, ಬಿರಡೆಯ ಬದಲಿಗೆ ಕೂರಿಸಿದ ಆ ನಾಲ್ಕು ಹಿತ್ತಾಳೆ ತುಂಡುಗಳಲ್ಲಿ. ಇಲ್ಲಿ ತಂತಿ ಸುತ್ತಿಕೊಳ್ಳುವುದಿಲ್ಲ. ಗುಬಟು ತಿರುಗಿಸಿದರೆ ತಿರುಪು ತಂತಿಯನ್ನು ನೇರ ಹಿಂದಕ್ಕೆ ಎಳೆಯುತ್ತದೆ. ನಾನು ಆರು ಮಿಲಿಮೀಟರಿನ ಮಾಮೂಲಿ ತಿರುಪು ಹಾಕಿದ್ದೆ. ಅದರ ಪಿಚ್, ಅಂದರೆ ಒಂದು ಸುತ್ತಿಗೆ ಅದು ಸರಿಯುವ ದೂರ, ಒಂದು ಮಿಲಿಮೀಟರ್. ಕೇಳಲು ಸಣ್ಣ ಅಳತೆ, ಆದರೆ ಒಂದು ಸುತ್ತಿಗೆ ದಪ್ಪ ತಂತಿ ಒಂದು ಅರ್ಧಸ್ವರವನ್ನು ದಾಟಿ ಹೋಗುತ್ತಿತ್ತು. ಮೇಲಾಗಿ ಒಂದೊಂದು ತಂತಿಯ ಎಳೆತ ಸುಮಾರು 20 ಕಿಲೋ. ಗುಬಟು ಮೊದಲು ಕದಲುವುದೇ ಇಲ್ಲ, ಕದಲಿದಾಗ ಜಿಗಿದುಬಿಡುತ್ತದೆ. ಶ್ರುತಿ ಸಿಗುವುದೆಲ್ಲಿ.

ಲೇತ್ ಅಂಗಡಿಯ ಆಚಾರಿಯವರು ಮೂರನೆಯ ಪಂಪಿನ ಮಧ್ಯೆ ಕೈ ಒರೆಸಿಕೊಂಡು ನನ್ನ ಹಿತ್ತಾಳೆ ತುಂಡೊಂದನ್ನು ಹಿಡಿದರು. ಹಿಂದೆ ಮುಂದೆ ತಿರುಗಿಸಿ, ಗುಬಟಿನ ಅಡಿಯಲ್ಲಿ ಬೆರಳು ಸವರಿ, ಕಪ್ಪಾದ ತುದಿಯನ್ನು ನನಗೆ ತೋರಿಸಿದರು.

“ಭಟ್ಟರೇ, ನಿಮ್ಮ ಕೈಬಲವೆಲ್ಲ ಹಿತ್ತಾಳೆ ಉಜ್ಜುವುದಕ್ಕೇ ಹೋಗುತ್ತಿದೆ.”

ಡಬ್ಬಿ ತಡಕಾಡಿ ಪುಟ್ಟ ಥ್ರಸ್ಟ್ ಬೇರಿಂಗ್, ಅಂದರೆ ಒತ್ತಡ ಹೊತ್ತೂ ಸಲೀಸಾಗಿ ತಿರುಗುವ ಗುಂಡುಗಳ ಬಳೆ, ತೆಗೆದರು: ಒಳಗೆ 5, ಹೊರಗೆ 10, ದಪ್ಪ 4 ಮಿಲಿಮೀಟರ್. ಅದಕ್ಕೆ ಹೊಂದುವಂತೆ ಐದರ ತಿರುಪು, ಪಿಚ್ 0.8. ಗುಬಟಿನ ಅಡಿಗೆ ಗುಳಿ ಕೊರೆದು ಬೇರಿಂಗ್ ಕೂರಿಸಿ, ಚಿಟಿಕೆಯಷ್ಟು ಗ್ರೀಸ್ ಹಚ್ಚಿದರು. ನಾಲ್ಕಕ್ಕೂ ಮುಗಿಯುವಾಗ ಮಧ್ಯಾಹ್ನ ಎರಡು. ಪಂಪಿನವರೊಬ್ಬರು ನನ್ನನ್ನು ನೋಡಿದ ನೋಟ ಮದ್ದಿಗಿಂತ ಖಾರವಾಗಿತ್ತು.

ಸಂಜೆ ಜೋಡಿಸಿದೆ. ನಾಲ್ಕರಲ್ಲಿ ಅತಿ ತೆಳ್ಳಗಿನ ಜಿ ತಂತಿಯ ಗುಬಟು ಎರಡು ಬೆರಳಿಗೆ ತಿರುಗಿತು, ಸ್ವರ ಕೂದಲಿನಷ್ಟು ಕೂದಲಿನಷ್ಟೇ ಏರಿತು. ಡಿ, ಎ ಕೂಡ ಹಾಗೆಯೇ. ಮೊಬೈಲಿನ ಶ್ರುತಿ ಸೂಜಿ ನಡುವೆ ನಿಂತು ಅಲುಗಲಿಲ್ಲ. ನಾನು ಒಬ್ಬನೇ ನಕ್ಕೆ.

ಆಮೇಲೆ ಅವಸರ. ಎರಡೂ ತುದಿಗೆ ಗುಂಡು ಇರುವ ತಂತಿ ನನಗೆ ಸಿಕ್ಕಿಲ್ಲ. ಸಾಮಾನ್ಯ ತಂತಿಯನ್ನೇ ಕತ್ತಿನ ತುದಿಯಲ್ಲಿ ತಿರುಪಿನಿಂದ ಕಚ್ಚಿಸುತ್ತೇನೆ. ಮೊದಲು ಕಚ್ಚಿಸಿ, ಹೊರಗುಳಿದದ್ದನ್ನು ಮಡಚಿ, ಆಮೇಲೆ ಕತ್ತರಿಸಬೇಕು. ಮೂರಕ್ಕೂ ಹಾಗೆಯೇ ಮಾಡಿದೆ. ಅತಿ ದಪ್ಪದ ಇ ತಂತಿಯ ಹೊತ್ತಿಗೆ ಕರೆಂಟು ಮಿಣಮಿಣ ಎಂದಿತು, ಪಕ್ಕಡಿನಲ್ಲಿ ಮೊದಲೇ ತುಂಡರಿಸಿದೆ. ಹೊರಗಿನ ಸುತ್ತು ಒಳಗಿನ ಉಕ್ಕಿನ ಮೇಲೆ ಸಡಿಲವಾಗಿ ಜಾರಿತು. ಮೀಟಿದರೆ ಒದ್ದೆ ಗೋಣಿಚೀಲಕ್ಕೆ ಬಡಿದ ಸದ್ದು. ಬಿಗಿ ಮಾಡಿ ನೋಡಿದೆ, ಬಿಚ್ಚಿ ಮತ್ತೆ ಕಚ್ಚಿಸಿದೆ. ಸತ್ತದ್ದು ಸತ್ತದ್ದೇ. ಹೊಸ ತಂತಿ ಪಾರ್ಸೆಲಿನಲ್ಲಿ ಬರಬೇಕು.

ಅಮ್ಮ ಚಿಮಿಣಿ ಹಿಡಿದು ಬಂದು, ಜಗಲಿಯಲ್ಲಿ ಸುರುಳಿ ಬಿದ್ದಿದ್ದ ತಂತಿಯನ್ನು ಎತ್ತಿ ಎಳೆದು ನೋಡಿದಳು.

“ಗಟ್ಟಿ ಇದೆ. ಬಸಳೆ ಚಪ್ಪರಕ್ಕೆ ಆದೀತಲ್ಲವೇ?”