ಬಾಗಿಲ ಪಕ್ಕದ ಡೈರಿ

ಹಳೇ ಕರೆಂಟ್ ಮೀಟರ್ ತಿಂಗಳಿಗೆ ಒಂದೇ ಅಂಕಿ ಹೇಳ್ತಿತ್ತು. ಸ್ಮಾರ್ಟ್ ಮೀಟರ್ 15 ನಿಮಿಷಕ್ಕೊಮ್ಮೆ ಬರೆದಿಟ್ಟರೆ ದಿನಕ್ಕೆ 96, ತಿಂಗಳಿಗೆ 2,880. ಬೆಳಿಗ್ಗೆ ಆರಕ್ಕೆ ಒಂದೇ ಕಾಲು ಗಂಟೆಯಲ್ಲಿ ಅರ್ಧ ಯೂನಿಟ್ ಏರಿತಾ? ಬಹುಶಃ 2,000 ವ್ಯಾಟಿನ ಗೀಸರ್. ಮೂರು ದಿನ ಬರೀ ಫ್ರಿಜ್ಜಿನಷ್ಟೇ ಓಡಿದರೆ ಮನೆಗೆ ಬೀಗ. ಟಿವಿಯಲ್ಲಿ ಏನು ನೋಡ್ತೀರಿ ಅಂತೆಲ್ಲ ಇದರಲ್ಲಿ ಸಿಗಲ್ಲ, ಆ ಭಯ ಬಿಡಿ. ಆದರೆ ಕಳ್ಳನಿಗೆ ಬೀಗದ ಸುದ್ದಿಯೇ ಸಾಕಲ್ಲ! ನೆದರ್ಲೆಂಡ್ಸ್‌ನ ಸೆನೆಟ್ 2009ರಲ್ಲಿ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡೋದನ್ನ ತಡೆದದ್ದು ಖಾಸಗಿತನದ ಈ ಪ್ರಶ್ನೆಗೇ.

ನನಗೆ ಇದಕ್ಕಿಂತ ಕಾಡೋದು ಒಳಗಿನ ರಿಲೇ, ಅಂದರೆ ದೂರದಿಂದಲೇ ಕರೆಂಟ್ ಕಡಿಯುವ ಸ್ವಿಚ್ಚು. 2020ರ ಜನ್ಮಾಷ್ಟಮಿಯಂದು ಉತ್ತರ ಪ್ರದೇಶದಲ್ಲಿ ಲಕ್ಷಕ್ಕೂ ಹೆಚ್ಚು ಸ್ಮಾರ್ಟ್ ಮೀಟರ್‌ಗಳು ಒಟ್ಟಿಗೆ ಬಂದ್ ಆದವು. ಬಿಲ್ ಕಟ್ಟಿದವರ ಮನೇಲೂ ಕತ್ತಲೆ.

ಅದು ನಮ್ಮ ಕೈಲಿಲ್ಲ. ಕೈಲಿರೋದು ಇಷ್ಟು: ಬಿಲ್ಲಿನ ಫೋಟೊ ವಾಟ್ಸಾಪ್ ಗ್ರೂಪಿಗೆ ಹಾಕೋ ಮುಂಚೆ ಆರ್‌ಆರ್ ನಂಬರ್ (ನಿಮ್ಮ ಕರೆಂಟ್ ಕನೆಕ್ಷನ್ನಿನ ಗುರುತಿನ ನಂಬರ್) ಮುಚ್ಚಿ. ‘ಇವತ್ತು ರಾತ್ರಿ ಕರೆಂಟ್ ಕಟ್’ ಅಂತ ಮೆಸೇಜ್ ಬಂದರೆ ಅದರಲ್ಲಿರೋ ನಂಬರಿಗೆ ಫೋನ್ ಮಾಡಬೇಡಿ, ಬಿಲ್ ಮೇಲಿರೋ ನಂಬರಿಗೆ ಮಾಡಿ. ಓಟಿಪಿ ಅಂತೂ ಲೈನ್‌ಮ್ಯಾನ್ ಅಣ್ಣ ಕೇಳಿದರೂ ಬೇಡ.