ಕಾಲುವೆಯ ಕೊನೇ ಹೊಲದಲ್ಲಿ ಕೂತು ಹತ್ತು ಆಜ್ಞೆ ಓದಿದಾಗ

ನಮ್ಮ ಹೊಲ ಇರೋದು ಮಾನ್ವಿ ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದಲ್ಲಿ. ಕೊನೇ ಭಾಗ ಅಂದ್ರೆ ಏನು ಅಂತ ರಾಯಚೂರು ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡ್ಯಾಮ್ ಇರೋ ಮುನಿರಾಬಾದಿನಲ್ಲಿ ನೀರು ಬಿಟ್ಟ ಸುದ್ದಿ ಬಂದು ಎಷ್ಟೋ ದಿನ ಆದ ಮೇಲೂ ನಮ್ಮ ತೂಬು ಒಣಗಿಯೇ ಇರುತ್ತದೆ. ದಾರಿಯುದ್ದಕ್ಕೂ ಪಂಪ್‌ಸೆಟ್ ಇಟ್ಟು ಎತ್ತಿಕೊಳ್ಳುವವರು, ರಾತ್ರಿ ತೂಬು ತೆಗೆಯುವವರು, ಅವರದೆಲ್ಲ ಮುಗಿದು ಉಳಿದದ್ದು ನಮಗೆ.

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಹುಡುಗನೊಬ್ಬ ಕೇಳಿದ, "ಅಣ್ಣ, ಯೇಸು ನಮ್ಮನ್ನ ಬಿಡುಗಡೆ ಮಾಡ್ಯಾನ ಅಂತೀರಿ, ಮತ್ತ ಈ ಆಜ್ಞೆ, ಕಟ್ಟಳೆ ಎಲ್ಲಾ ಯಾಕ?" ನಾನು ಕೊಟ್ಟ ಉತ್ತರ ನನಗೇ ಸಾಕಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಆಗ ಹತ್ತೊಂಬತ್ತು ವರ್ಷ. ನಾಟಿ ಮಾಡಿ ಎಂಟು ದಿನ ಆಗಿತ್ತು, ಗದ್ದೆ ಬಿರುಕು ಬಿಡುತ್ತಿತ್ತು. ಅವತ್ತು ನಮ್ಮ ಪಾಳಿ ಅಲ್ಲ. ರಾತ್ರಿ ಹನ್ನೊಂದಕ್ಕೆ ಸಲಿಕೆ ತಗೊಂಡು ಹೋಗಿ, ಕೆಳಗೆ ಹೋಗೋ ನೀರಿಗೆ ಮಣ್ಣು ಹಾಕಿ ನಮ್ಮ ಕಡೆ ತಿರುಗಿಸಿದೆ. ನೀರು ಬಿರುಕಿನೊಳಗೆ ಇಳಿಯುವಾಗ ಒಂದು ಸಣ್ಣ ಸದ್ದು ಬರುತ್ತದೆ, ನೆಲ ಉಸಿರು ಬಿಟ್ಟ ಹಾಗೆ. ಬೇರೆ ದಿನ ಆಗಿದ್ರೆ ಅದನ್ನು ಕೇಳೋದೇ ಒಂದು ಸುಖ. ಅವತ್ತು ಮಾತ್ರ ಟಾರ್ಚ್ ಆರಿಸಿ ಕೂತಿದ್ದೆ. ದೂರದಲ್ಲಿ ಒಂದು ಬೈಕಿನ ಬೆಳಕು ಕಂಡಿದ್ದಕ್ಕೇ ಕೆಸರಿನಲ್ಲಿ ಬೋರಲು ಮಲಗಿಬಿಟ್ಟೆ. ಯಾರ ಮಾತೂ ಕೇಳದೆ ನನಗೆ ಬೇಕಾದದ್ದನ್ನು ಮಾಡಿದ್ದೆ ಅಲ್ವಾ, ಆದ್ರೆ ನನ್ನ ಹೊಲದಲ್ಲೇ ನೆಟ್ಟಗೆ ನಿಲ್ಲೋಕೆ ಆಗಲಿಲ್ಲ.

ಅಪ್ಪ ಹುಡುಕಿಕೊಂಡು ಬಂದರು. ಬೈಯಲಿಲ್ಲ. "ಇವತ್ತು ಯಾರ ಪಾಳಿ?" ಅಂತ ಕೇಳಿದರು, ಅಷ್ಟೇ. ನಮಗಿಂತ ಕೆಳಗೆ ಎರಡು ಎಕರೆ ಮಾಡುವ ಒಬ್ಬ ಅಕ್ಕ ಇದ್ದಾರೆ, ಗಂಡ ತೀರಿಹೋಗಿದ್ದರು. ಪಾಳಿ ಅವರದು. ಮೇಲಿನವರು ಕದೀತಾರೆ ಅಂತ ದಿನಾ ಸಿಟ್ಟು ಮಾಡುತ್ತಿದ್ದ ನಾನು, ಆ ಅಕ್ಕನಿಗೆ ಮೇಲಿನವನಾಗಿದ್ದೆ. ಅಪ್ಪ ಸಲಿಕೆ ಇಸಕೊಂಡು ನಮ್ಮ ಮಡಿಯ ಬಾಯಿ ಕಟ್ಟಿದರು.

ಬೈಬಲಿನ ಹತ್ತು ಆಜ್ಞೆಗಳಲ್ಲಿ ಒಂದಾದ 'ಕದಿಯಬಾರದು' ಅನ್ನೋದನ್ನು ಅಲ್ಲಿವರೆಗೂ ನನ್ನ ಕೈ ಕಟ್ಟೋ ಹಗ್ಗ ಅಂತಲೇ ಅಂದುಕೊಂಡಿದ್ದೆ. ಅದು ಆ ಅಕ್ಕನ ನೆಲ್ಲಿಗೆ ನೀರು ಅಂತ ಅವತ್ತು ಗೊತ್ತಾಯಿತು.

ಬೈಬಲಿನ ವಿಮೋಚನಕಾಂಡ ಓದಿ ನೋಡಿ, ಇಸ್ರಾಯೇಲ್ ಜನ ದಾಸತ್ವದಿಂದ ಬಿಡುಗಡೆಯಾದ ಕಥೆ ಅದು. ಹತ್ತು ಆಜ್ಞೆ ಬರೋದು 20ನೇ ಅಧ್ಯಾಯದಲ್ಲಿ. ಅಷ್ಟರಲ್ಲಿ ಜನ ಐಗುಪ್ತ, ಅಂದ್ರೆ ಈಜಿಪ್ಟ್, ಬಿಟ್ಟಾಗಿದೆ, ಸಮುದ್ರ ದಾಟಿ ಆಗಿದೆ. ಈ ಆಜ್ಞೆ ಪಾಲಿಸಿದರೆ ಬಿಡಿಸುತ್ತೇನೆ ಅಂತ ದೇವರು ಹೇಳಲೇ ಇಲ್ಲ. ದಾಸತ್ವದಿಂದ ನಿಮ್ಮನ್ನು ಬಿಡಿಸಿದ ದೇವರು ನಾನು ಅಂತ ಮೊದಲು ಹೇಳಿ, ಆಮೇಲೆ ಆಜ್ಞೆಗಳನ್ನು ಕೊಡುತ್ತಾನೆ. ಯೇಸುವಿನ ಅಪೊಸ್ತಲ ಪೌಲನೂ ಗಲಾತ್ಯ ಸೀಮೆಯ ಸಭೆಗಳಿಗೆ ಬರೆದ ಪತ್ರದಲ್ಲಿ ಹೇಳೋದು ಇದೇ ಕ್ರಮದಲ್ಲಿ: ರಕ್ಷಣೆ ಪುಕ್ಕಟೆ, ಸ್ವಾತಂತ್ರ್ಯಕ್ಕೇ ನಿಮ್ಮನ್ನು ಕರೆದದ್ದು, ಆದ್ರೆ ಆ ಸ್ವಾತಂತ್ರ್ಯದಿಂದ ಒಬ್ಬರಿಗೊಬ್ಬರು ಸೇವೆ ಮಾಡಿ.

ಸಬ್ಬತ್, ಅಂದ್ರೆ ವಾರದ ಏಳನೇ ದಿನ ಕೆಲಸ ಬಿಟ್ಟು ವಿಶ್ರಾಂತಿ ತಗೊಳ್ಳೋ ಆಜ್ಞೆ, ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಅದು ಯಜಮಾನನಿಗಷ್ಟೇ ಅಲ್ಲ, ದಾಸದಾಸಿಯರಿಗೆ, ಎತ್ತು ಕತ್ತೆಗಳಿಗೂ ವಿಶ್ರಾಂತಿ ಕೊಡುತ್ತದೆ. ಕಾರಣವನ್ನೂ ಹೇಳುತ್ತದೆ, ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರಿ, ನೆನಪಿರಲಿ ಅಂತ. ನಮ್ಮೂರಲ್ಲಿ ಸೋಮವಾರ ಎತ್ತು ಹೂಡದ ಮನೆಗಳು ಈಗಲೂ ಇವೆ, ಬಸವಣ್ಣನ ವಾರ ಅಂತ. ಆ ಮನೆಯ ಹಿರಿಯರಿಗೆ ಈ ವಚನ ಓದಿ ಹೇಳಿದಾಗ ಅವರಿಗೆ ಏನೂ ವಿವರಿಸಬೇಕಾಗಲಿಲ್ಲ.

ಇನ್ನು ಆನಂದ. ಬೈಬಲಿನ ಮೊದಲನೇ ಕೀರ್ತನೆ, ದೇವರ ಧರ್ಮಶಾಸ್ತ್ರದಲ್ಲಿ ಆನಂದಪಡುವವನು ನೀರಿನ ಕಾಲುವೆಗಳ ಬಳಿ ಇರುವ ಮರದ ಹಾಗೆ ಅನ್ನುತ್ತದೆ. ಹೊಳೆ ಅಲ್ಲ, ಕಾಲುವೆ. ಹೀಬ್ರೂ ಪದವೂ ಸೀಳಿ ಹರಿಸಿದ ನೀರು ಅನ್ನೋದನ್ನೇ ಸೂಚಿಸುತ್ತದೆ. 1810ರಲ್ಲಿ ಬಳ್ಳಾರಿಗೆ ಬಂದ ಮಿಶನರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರೋಕೆ ದುಡಿದದ್ದು ಇದೇ ಸೀಮೆಯಲ್ಲಿ, ವಿಜಯನಗರದ ಕಾಲದ ಕಾಲುವೆಗಳು ಹರಿಯುವ ಸೀಮೆಯಲ್ಲಿ. ಅದನ್ನು ನೆನೆದಾಗಲೆಲ್ಲ ನನಗೆ ಖುಷಿ ಆಗುತ್ತದೆ. ದಂಡೆ ಇದ್ದರೇ ನೀರು ಹೊಲ ಮುಟ್ಟೋದು, ಆಜ್ಞೆಯೂ ಹಾಗೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿ ಹೋದಾಗ, ನೀರು ಯಾವ ತಡೆಯೂ ಇಲ್ಲದೆ ಹೋಗೋದನ್ನು ಫೋನಿನಲ್ಲಿ ನೋಡುತ್ತಾ ನಮ್ಮ ಓಣಿಯ ಗಂಡಸರು ಅತ್ತಿದ್ದರು.

119ನೇ ಕೀರ್ತನೆಯಲ್ಲಿ 176 ವಚನ ಇವೆ, ಹೀಬ್ರೂವಿನ 22 ಅಕ್ಷರಗಳಿಗೆ ಎಂಟೆಂಟರಂತೆ, ಹೆಚ್ಚುಕಡಿಮೆ ಎಲ್ಲವೂ ದೇವರ ಮಾತು, ಆಜ್ಞೆಯ ಬಗ್ಗೆಯೇ. ಭಯದಿಂದ ಬಗ್ಗಿದವನು ಇಷ್ಟುದ್ದ ಹಾಡು ಕಟ್ಟುತ್ತಾನಾ? ನಿನ್ನ ನಿಯಮಗಳನ್ನು ಹುಡುಕಿದ್ದರಿಂದ ವಿಶಾಲವಾದ ಜಾಗದಲ್ಲಿ ನಡೆದಾಡುತ್ತೇನೆ ಅನ್ನುತ್ತಾನೆ. ಕೆಸರಿನಲ್ಲಿ ಬೋರಲು ಮಲಗಿದವನಿಗೆ ಆ 'ವಿಶಾಲ' ಅನ್ನೋ ಮಾತು ಚೆನ್ನಾಗಿ ಅರ್ಥ ಆಗುತ್ತದೆ.

ಮಾರನೇ ದಿನ ಆ ಅಕ್ಕನ ಮನೆಗೆ ಹೋಗಿ ನಡೆದದ್ದು ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಬೆಳಗಿನ ಜಾವ ನೀರು ಮುಟ್ಟೇತಪ್ಪ, ಕುಂದ್ರು, ಚಾ ಕುಡಿ" ಅಂದರು.

ಈಗ ಅಪ್ಪ ಇಲ್ಲ, ಹೊಲ ನಾನೇ ನೋಡಿಕೊಳ್ಳುತ್ತೇನೆ. ನಮ್ಮ ಪಾಳಿ ಮುಗಿದ ಕೂಡಲೇ ಮಡಿ ಕಟ್ಟಿ, ಎಷ್ಟೇ ರಾತ್ರಿ ಆಗಿದ್ದರೂ ಫೋನ್ ಮಾಡಿ "ಅಕ್ಕ, ಬಿಟ್ಟೀನಿ" ಅನ್ನುತ್ತೇನೆ. ಅವರು ಫೋನ್ ಹಿಡಿದುಕೊಂಡೇ ಗದ್ದೆಯ ಬದುವಿಗೆ ನಡೆಯುತ್ತಾರೆ, ಚಪ್ಪಲಿ ಸದ್ದು ಕೇಳುತ್ತದೆ. "ಹಾಂ, ಬಂತಪ್ಪ, ಬಂತು" ಅಂದ ಮೇಲೆ ಟಾರ್ಚ್ ಹಾಕಿಕೊಂಡು ಮನೆಗೆ ಹೋಗುತ್ತೇನೆ.