ಲವ್‌ಕ್ರಾಫ್ಟ್ ಮತ್ತು ಗೆಳೆಯರು ಕಟ್ಟಿದ ಭಯಾನಕ ಪುರಾಣ

ಅಮೆರಿಕದ ಪ್ರಾವಿಡೆನ್ಸ್ ನಗರದ ಫೆಡರಲ್ ಹಿಲ್ ಎಂಬಲ್ಲಿ, ಬಹುಕಾಲದಿಂದ ಪಾಳುಬಿದ್ದಿರುವ ಚರ್ಚೊಂದರೊಳಗೆ ರಾಬರ್ಟ್ ಬ್ಲೇಕ್ ಎಂಬ ಯುವ ಲೇಖಕ ನುಸುಳುತ್ತಾನೆ. ಹಿಂಬದಿಯ ಕೋಣೆಯಲ್ಲಿ ಸೂರಿನವರೆಗೂ ಎದ್ದುನಿಂತ ಕಪಾಟುಗಳಿದ್ದು, ಅವುಗಳಲ್ಲಿ ಬೂಸ್ಟು ಹಿಡಿದು ಶಿಥಿಲವಾದ ಪುಸ್ತಕಗಳಿವೆ. ನೆಕ್ರೋನಾಮಿಕಾನ್, ಲಿಬರ್ ಐವೋನಿಸ್, ಫಾನ್ ಯುನ್ಟ್ಸ್ ಎಂಬ ಜರ್ಮನ್ ಪಂಡಿತನ ಗ್ರಂಥ, ಲುಡ್ವಿಗ್ ಪ್ರಿನ್ ಬರೆದ ಡಿ ವರ್ಮಿಸ್ ಮಿಸ್ಟೀರಿಸ್ ಎಂದು ಅವನು ಒಂದೊಂದರ ಹೆಸರನ್ನೂ ಗುರುತಿಸುತ್ತಾ ಹೋಗುತ್ತಾನೆ. ಇದು ಅಮೆರಿಕದ ಭಯಾನಕ ಕಥೆಗಾರ ಹೆಚ್.ಪಿ. ಲವ್‌ಕ್ರಾಫ್ಟ್ 1935ರಲ್ಲಿ ಬರೆದ 'ದಿ ಹಾಂಟರ್ ಆಫ್ ದಿ ಡಾರ್ಕ್' ಕಥೆಯ ಒಂದು ಸನ್ನಿವೇಶ. ಕಥೂಲು ಎಂಬ ಅನ್ಯಲೋಕದ ದೇವತೆಯ ಹೆಸರಿನಿಂದ ಕಥೂಲು ಪುರಾಣವೆಂದು ಇಂದು ಜಗತ್ತು ಕರೆಯುವ ಕಥಾಲೋಕವು ಹೇಗೆ ಬೆಳೆಯಿತೆಂಬುದನ್ನು ತಿಳಿಯಬೇಕಾದವರು ಈ ಕಪಾಟನ್ನೇ ನಿಧಾನವಾಗಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಮೇಲೆ ಹೆಸರಿಸಿದ ನಾಲ್ಕು ಪುಸ್ತಕಗಳಲ್ಲಿ ನೆಕ್ರೋನಾಮಿಕಾನ್ ಮಾತ್ರ ಲವ್‌ಕ್ರಾಫ್ಟನ ಸ್ವಂತ ಕಲ್ಪನೆ. ಐವೋನಿಸ್ ಗ್ರಂಥವು ಕ್ಯಾಲಿಫೋರ್ನಿಯಾದಲ್ಲಿದ್ದ ಕವಿ ಕ್ಲಾರ್ಕ್ ಆಷ್ಟನ್ ಸ್ಮಿತ್‌ನ ಸೃಷ್ಟಿ. ಫಾನ್ ಯುನ್ಟ್ಸ್‌ನನ್ನು ಹುಟ್ಟಿಸಿದವನು ಟೆಕ್ಸಾಸ್‌ನ ರಾಬರ್ಟ್ ಇ. ಹೋವರ್ಡ್, ಪ್ರಿನ್‌ನನ್ನು ಹುಟ್ಟಿಸಿದವನು ಹದಿಹರೆಯದ ರಾಬರ್ಟ್ ಬ್ಲಾಕ್. ಇವುಗಳ ನಡುವೆ 'ಬುಕ್ ಆಫ್ ಜ್ಯಾನ್' ಎಂಬ ಹೆಸರೂ ಇದೆ. ಅದು ಈ ಗೆಳೆಯರಲ್ಲಿ ಯಾರೂ ಕಟ್ಟಿದ್ದಲ್ಲ; ಮದ್ರಾಸಿನ ಅಡ್ಯಾರ್‌ನಲ್ಲಿ ಕೇಂದ್ರ ಹೊಂದಿದ್ದ ಥಿಯೊಸಾಫಿಕಲ್ ಸೊಸೈಟಿಯ ಸಂಸ್ಥಾಪಕಿ ಬ್ಲಾವಟ್‌ಸ್ಕಿ, 1888ರ ತನ್ನ ಮಹಾಗ್ರಂಥಕ್ಕೆ ಆಧಾರವೆಂದು ಹೇಳಿಕೊಂಡ ಪ್ರಾಚೀನ ಕೃತಿ. ಹೊರಗಿನ ಜಗತ್ತಿನಲ್ಲಿ ಓದುಗ ಎಂದೋ ಕೇಳಿರಬಹುದಾದ ಒಂದು ಹೆಸರನ್ನು ಕಲ್ಪಿತ ಹೆಸರುಗಳ ಸಾಲಿನಲ್ಲಿ ಸದ್ದಿಲ್ಲದೆ ಸೇರಿಸಿದಾಗ, ಉಳಿದ ಹೆಸರುಗಳೂ ಎಲ್ಲೋ ಇರಲೇಬೇಕೆಂಬ ನಂಬಿಕೆ ತಾನಾಗಿಯೇ ಮೂಡುತ್ತದೆ. ನೆಕ್ರೋನಾಮಿಕಾನ್‌ಗೆ ಲವ್‌ಕ್ರಾಫ್ಟ್ 1927ರಲ್ಲಿ ಒಂದು ಗ್ರಂಥಚರಿತ್ರೆಯನ್ನೇ ಬರೆದು, ಅರಬ್ಬೀ ಮೂಲಕ್ಕೆ 950ರಲ್ಲಿ ಗ್ರೀಕ್ ಅನುವಾದ, 1228ರಲ್ಲಿ ಲ್ಯಾಟಿನ್ ಅನುವಾದ ಬಂದವೆಂದು ಇಸವಿ ಸಮೇತ ದಾಖಲಿಸಿದ. ಅಂಥ ಪುಸ್ತಕ ನಿಜವಾಗಿಯೂ ಇದೆಯೇ ಎಂದು ಪತ್ರ ಬರೆದು ಕೇಳಿದವರಿಗೆ ಮಾತ್ರ, ಅದು ತಾನೇ ಕಟ್ಟಿದ್ದೆಂದು ಪ್ರಾಮಾಣಿಕವಾಗಿ ತಿಳಿಸುತ್ತಿದ್ದ.

ಈ ಲೇಖಕ ಗೆಳೆಯರೆಲ್ಲರೂ 'ವಿಯರ್ಡ್ ಟೇಲ್ಸ್' ಎಂಬ ಅಗ್ಗದ ಕಾಗದದ ಪತ್ರಿಕೆಗೆ ಬರೆಯುತ್ತಿದ್ದವರು. ಸ್ಮಿತ್ ಮತ್ತು ಹೋವರ್ಡ್ ಇಬ್ಬರೂ ಲವ್‌ಕ್ರಾಫ್ಟನ ಮುಖವನ್ನು ಒಮ್ಮೆಯೂ ಕಂಡವರಲ್ಲ. ಅವರ ಸ್ನೇಹವೆಲ್ಲ ಪತ್ರಗಳಲ್ಲೇ ಬೆಳೆದದ್ದು. ಅಪ್ರಕಟಿತ ಕಥೆಗಳೂ ಪತ್ರಗಳ ಜೊತೆಗೆ ಕೈಯಿಂದ ಕೈಗೆ ಸಾಗುತ್ತಿದ್ದವು. ಸ್ಮಿತ್ 1929ರಲ್ಲಿ ಬರೆದ ಕಥೆಯೊಂದರಲ್ಲಿ ತ್ಸಾಥೊಗ್ವಾ ಎಂಬ, ಕಪ್ಪೆಯನ್ನು ಹೋಲುವ ದೇವತೆಯನ್ನು ಸೃಷ್ಟಿಸಿದ. ಹಸ್ತಪ್ರತಿಯನ್ನು ಓದಿ ಮೆಚ್ಚಿದ ಲವ್‌ಕ್ರಾಫ್ಟ್ ಆ ದೇವತೆಯನ್ನು ತನ್ನ ಕಥೆಗೆ ಎರವಲು ತಂದ. ಆಗಸ್ಟ್ 1931ರ ಸಂಚಿಕೆಯಲ್ಲಿ ಲವ್‌ಕ್ರಾಫ್ಟನ ಕಥೆ ಮೊದಲು ಅಚ್ಚಾಯಿತು. ಸ್ಮಿತ್‌ನ ಮೂಲ ಕಥೆ ಬೆಳಕು ಕಂಡದ್ದು ನವೆಂಬರ್‌ನಲ್ಲಿ. ಆ ಕಾಲದ ಓದುಗರಿಗೆ ಇಬ್ಬರು ಲೇಖಕರೂ ಯಾವುದೋ ಹಳೆಯ ಸಮಾನ ಮೂಲದಿಂದ ಆರಿಸಿಕೊಂಡು ಬರೆಯುತ್ತಿದ್ದಾರೆ ಎಂದು ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಲವ್‌ಕ್ರಾಫ್ಟ್ ತನ್ನ ಕಥೆಯಲ್ಲಿ ತ್ಸಾಥೊಗ್ವಾನ ಪ್ರಸ್ತಾಪ ಬರುವ ವಾಕ್ಯದಲ್ಲೇ ಗೆಳೆಯ ಸ್ಮಿತ್‌ನನ್ನು 'ಕ್ಲಾರ್ಕಾಷ್-ಟಾನ್' ಎಂಬ ಅಟ್ಲಾಂಟಿಸ್‌ನ ಮಹಾಪುರೋಹಿತನನ್ನಾಗಿ ಮಾಡಿಬಿಟ್ಟಿದ್ದಾನೆ.

ಬ್ಲಾಕ್‌ನದು ಇನ್ನೂ ಸೊಗಸಾದ ಪ್ರಸಂಗ. ಲವ್‌ಕ್ರಾಫ್ಟನನ್ನೇ ಹೋಲುವ ಪಾತ್ರವೊಂದನ್ನು ತನ್ನ ಕಥೆಯಲ್ಲಿ ಕೊಲ್ಲಲು ಅವನು ಅನುಮತಿ ಕೇಳಿದ. ಗುರುವು ಬೇಕಾದ ಹಾಗೆ ಕೊಲ್ಲಬಹುದೆಂದು ವಿಧಿವತ್ತಾದ ಒಪ್ಪಿಗೆ ಪತ್ರ ಬರೆದು, ನೆಕ್ರೋನಾಮಿಕಾನ್‌ನ ಕಲ್ಪಿತ ಕರ್ತೃ ಅಬ್ದುಲ್ ಅಲ್‌ಹಜ್ರೆದ್‌ನನ್ನೂ ಸಾಕ್ಷಿಯಾಗಿ ಸೇರಿಸಿ ಕಳಿಸಿದ. ಆ ಕಥೆ 1935ರಲ್ಲಿ ಬಂತು. ಅದಕ್ಕೆ ಉತ್ತರವಾಗಿ ಹುಟ್ಟಿದ್ದೇ ಫೆಡರಲ್ ಹಿಲ್‌ನ ಚರ್ಚಿನ ಕಥೆ. ಅದರಲ್ಲಿ ಸಾಯುವ ರಾಬರ್ಟ್ ಬ್ಲೇಕ್ ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಪ್ರೀತಿಯಿಂದ ಬೆಳೆದ ಪುರಾಣದ ಒಳಗಿರುವುದು ಮಾತ್ರ ಅತ್ಯಂತ ನಿಷ್ಕರುಣವಾದ ಲೋಕದೃಷ್ಟಿ. ನಮ್ಮ ಪುರಾಣಗಳ ದೇವತೆಗಳು ಮನುಷ್ಯನ ಕಡೆಗೆ ಸದಾ ಕಿವಿಗೊಟ್ಟಿರುತ್ತಾರೆ: ತಪಸ್ಸಿಗೆ ಒಲಿಯುತ್ತಾರೆ, ಅಪರಾಧಕ್ಕೆ ಮುನಿಯುತ್ತಾರೆ, ಭಸ್ಮಾಸುರನಂಥವನಿಗೂ ಕೇಳಿದ ವರವನ್ನು ಕೊಡುತ್ತಾರೆ. ಕಥೂಲುವಿಗೆ ಮನುಷ್ಯನ ಮೇಲೆ ಒಲವೂ ಇಲ್ಲ, ದ್ವೇಷವೂ ಇಲ್ಲ. ನಕ್ಷತ್ರಗಳಾಚೆಯಿಂದ ಬಂದ ಆ ಜೀವಿ, ದಕ್ಷಿಣ ಪೆಸಿಫಿಕ್ ಸಾಗರದ ತಳದಲ್ಲಿರುವ ರ್‌ಲ್ಯೇ ನಗರದಲ್ಲಿ ನಮಗಿಂತ ಎಷ್ಟೋ ಮೊದಲಿನಿಂದ ಮಲಗಿದೆ. ಮನುಷ್ಯರ ನಿಯಮಗಳಿಗೂ ಹಿತಗಳಿಗೂ ಭಾವನೆಗಳಿಗೂ ವಿಶಾಲ ವಿಶ್ವದಲ್ಲಿ ಯಾವ ಬೆಲೆಯೂ ಇಲ್ಲವೆಂಬುದೇ ತನ್ನ ಕಥೆಗಳೆಲ್ಲದರ ತಳಹದಿ ಎಂದು ಲವ್‌ಕ್ರಾಫ್ಟ್ 1927ರಲ್ಲಿ ವಿಯರ್ಡ್ ಟೇಲ್ಸ್‌ನ ಸಂಪಾದಕರಿಗೆ ಬರೆದಿದ್ದ. 'ದಿ ಕಾಲ್ ಆಫ್ ಕಥೂಲು' ಕಥೆಯ ರಚನೆಯೂ ಈ ನಿಲುವಿಗೆ ಒಪ್ಪುವಂಥದ್ದೇ ಆಗಿದೆ. ಪ್ರಾಧ್ಯಾಪಕನೊಬ್ಬ ಬಿಟ್ಟುಹೋದ ಟಿಪ್ಪಣಿಗಳು, ಪೊಲೀಸ್ ಅಧಿಕಾರಿಯೊಬ್ಬ ಹೇಳಿದ ವೃತ್ತಾಂತ, ಬದುಕಿ ಬಂದ ನಾವಿಕನ ಹಸ್ತಪ್ರತಿ ಎಂಬ ಮೂರು ಬಿಡಿ ಸಾಕ್ಷ್ಯಗಳನ್ನು ನಿರೂಪಕ ಒಟ್ಟಿಗೆ ಇಟ್ಟು ನೋಡುವಾಗಲೇ ಭಯ ಹುಟ್ಟುತ್ತದೆ. ಕೊನೆಗೆ ನಗರ ಮತ್ತೆ ಮುಳುಗುತ್ತದೆಯಾದರೂ ಅದನ್ನು ಯಾರೂ ಗೆದ್ದು ಮುಳುಗಿಸಿದ್ದಲ್ಲ.

1937ರಲ್ಲಿ ಲವ್‌ಕ್ರಾಫ್ಟ್ ಬಡತನದಲ್ಲೇ ತೀರಿಕೊಂಡ. ಅವನ ಪತ್ರಮಿತ್ರರಾಗಿದ್ದ ಲೇಖಕರಾದ ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೈ 1939ರಲ್ಲಿ ಆರ್ಕಮ್ ಹೌಸ್ ಪ್ರಕಾಶನವನ್ನು ತೆರೆದು ಆ ಕಥೆಗಳನ್ನು ಗಟ್ಟಿ ರಟ್ಟಿನ ಪುಸ್ತಕವಾಗಿ ಅಚ್ಚು ಹಾಕಿಸದಿದ್ದರೆ ಅವು ಹಳೆಯ ಪತ್ರಿಕೆಗಳಲ್ಲೇ ಉಳಿದುಹೋಗುವ ಅಪಾಯವಿತ್ತು. ಆ ಉಪಕಾರವನ್ನು ಓದುಗರು ಮರೆಯಲಾಗದು. ಆದರೆ ಡರ್ಲೆತ್ ತಾನು ಬರೆದ ಮುಂದಿನ ಕಥೆಗಳಲ್ಲಿ ಈ ದೇವತೆಗಳನ್ನು ಒಳ್ಳೆಯವರು, ಕೆಟ್ಟವರು ಎಂದು ಎರಡು ಪಕ್ಷವಾಗಿ ವಿಂಗಡಿಸಿದ. ನೀರು, ಗಾಳಿ, ಬೆಂಕಿ, ಮಣ್ಣುಗಳಿಗೆ ಒಬ್ಬೊಬ್ಬರನ್ನು ಹಂಚಿದ. ಮನುಷ್ಯನಿಗೆ ರಕ್ಷಣೆಯ ತಾಯತಗಳನ್ನೂ ಕೊಟ್ಟ. ನನ್ನ ಮಟ್ಟಿಗೆ ಇದು ಮೂಲದ ಪ್ರಾಣವನ್ನೇ ತೆಗೆದ ಹಾಗೆ. ನಮ್ಮ ಪಕ್ಷಕ್ಕೆ ನಿಲ್ಲುವ ದೇವತೆಯೊಬ್ಬ ಮೇಲಿದ್ದಾನೆ ಎಂದಾದ ಮೇಲೆ, ರ್‌ಲ್ಯೇ ಮೇಲೆದ್ದರೂ ಕಾದಾಟವೊಂದು ನಡೆದೀತೇ ಹೊರತು ಲವ್‌ಕ್ರಾಫ್ಟ್ ಕಂಡ ಆ ತಳವಿಲ್ಲದ ಏಕಾಂತ ಉಳಿಯುವುದಿಲ್ಲ.

ಲವ್‌ಕ್ರಾಫ್ಟನ ವರ್ಣದ್ವೇಷವನ್ನು ಮುಚ್ಚಿಟ್ಟು ಅವನನ್ನು ಹೊಗಳುವುದು ನನ್ನಿಂದಾಗದು. ಬಿಳಿಯರಲ್ಲದವರನ್ನೂ ವಲಸೆ ಬಂದವರನ್ನೂ ಅವನು ಪತ್ರಗಳಲ್ಲಿ ಹೀನಾಯವಾಗಿ ನಿಂದಿಸಿದ್ದಾನೆ. ಕಥೂಲುವನ್ನು ಆರಾಧಿಸುವವರಾಗಿ ಅವನ ಕಥೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವವರೂ ಕಪ್ಪು ವರ್ಣದವರು, ಮಿಶ್ರ ಜನಾಂಗದ ನಾವಿಕರು. ಇದು ಆ ಕಾಲದ ದೋಷವೆಂದು ತಳ್ಳಿಹಾಕಿದರೆ ಕಥೆಗಳ ಒಳಗಿನ ಅಂಜಿಕೆ ಎಲ್ಲಿಂದ ಬಂತೆಂಬುದು ಅರ್ಥವಾಗುವುದಿಲ್ಲ. ಆದರೆ ಈ ಪುರಾಣದ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟವನೂ ಅವನೇ ಆದ್ದರಿಂದ, ಅವನು ನಿಂದಿಸಿದವರ ಪೀಳಿಗೆ ಒಳಗೆ ಬಂದು ಉತ್ತರ ಕೊಡಲು ಸಾಧ್ಯವಾಯಿತು. ಆಫ್ರಿಕನ್ ಅಮೆರಿಕನ್ ಲೇಖಕ ವಿಕ್ಟರ್ ಲವ್ಯಾಲ್ 2016ರ 'ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್' ಕಿರುಕಾದಂಬರಿಯಲ್ಲಿ, ಲವ್‌ಕ್ರಾಫ್ಟನ ಅತ್ಯಂತ ದ್ವೇಷಪೂರಿತ ಕಥೆಗಳಲ್ಲೊಂದಾದ 'ದಿ ಹಾರರ್ ಅಟ್ ರೆಡ್ ಹುಕ್' ಅನ್ನು ಹಾರ್ಲೆಮ್‌ನ ಕಪ್ಪು ಯುವಕನೊಬ್ಬನ ಕಣ್ಣಿನಿಂದ ಹೊಸದಾಗಿ ಹೇಳಿ, ಪುಸ್ತಕವನ್ನು ತನ್ನೆಲ್ಲ ದ್ವಂದ್ವಭಾವದೊಂದಿಗೆ ಲವ್‌ಕ್ರಾಫ್ಟನಿಗೇ ಅರ್ಪಿಸಿದ್ದಾರೆ. ಕಪ್ಪು ಮನುಷ್ಯನನ್ನು ಪೊಲೀಸರ ಗುಂಡು ಕೊಲ್ಲುವ ಲೋಕದಲ್ಲಿ, ನಿರ್ಲಿಪ್ತ ದೇವತೆಯೇ ಮೇಲೆಂದು ಒಬ್ಬನಿಗೆ ಅನ್ನಿಸಬಹುದೆಂಬ ಆ ಕಿರುಕಾದಂಬರಿಯ ತಿರುವು, ಡರ್ಲೆತ್‌ನ ವರ್ಗೀಕರಣಗಳೆಲ್ಲಕ್ಕಿಂತ ಮೂಲಕ್ಕೆ ಹತ್ತಿರವಾಗಿದೆ.

ಹೊಸದಾಗಿ ಓದುವವರು 'ದಿ ಕಾಲ್ ಆಫ್ ಕಥೂಲು' ಕಥೆಯಿಂದ ಆರಂಭಿಸಿ, ಅನಂತರ ಅಂಟಾರ್ಕ್ಟಿಕಾದ ಹಿಮದಲ್ಲಿ ಹೂತ ನಗರದ ಕಥೆಯಾದ 'ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್‌ನೆಸ್' ಅನ್ನು ಬಿಡುವು ಮಾಡಿಕೊಂಡು ಓದಬೇಕು. ಬ್ಲಾಕ್‌ನ ಕಥೆಯನ್ನೂ ಚರ್ಚಿನ ಕಥೆಯನ್ನೂ ಒಂದರ ಹಿಂದೊಂದು ಓದಿದರೆ ಚೆನ್ನ. ಲವ್‌ಕ್ರಾಫ್ಟನ ಜೀವಿತಕಾಲದಲ್ಲಿ ಅಚ್ಚಾದ ಕಥೆಗಳ ಹಕ್ಕುಸ್ವಾಮ್ಯವು ಭಾರತದಲ್ಲಿ ಎಂದೋ ಮುಗಿದಿರುವುದರಿಂದ ಅವುಗಳನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ. ಉದ್ದುದ್ದ ವಾಕ್ಯಗಳಿಗೆ ಅಂಜದ, ಹಳಗನ್ನಡದ ಗಾಂಭೀರ್ಯ ಬಲ್ಲ ಅನುವಾದಕರೊಬ್ಬರು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಬಹುದಿನದ ಆಸೆ.